ಕನ್ನಡದಲ್ಲಿ ಕೇಳದೆ ಬಿಟ್ಟ ಪ್ರಶ್ನೆ

ಹೋದ ತಿಂಗಳು ವಿಶಾಖಪಟ್ಟಣದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮನೋಚಿಕಿತ್ಸಕರಿಗೆ ಒಂದು ತರಬೇತಿ ಇತ್ತು. ನನ್ನನ್ನೂ ಕರೆದಿದ್ದರು. ನಿವೃತ್ತರನ್ನು ಇಂಥ ಕಡೆ ಕರೆಯುವುದು ಶಾಲು ಹೊದೆಸುವುದಕ್ಕೆ, ಅವರ ಮಾತು ಕೇಳುವುದಕ್ಕಲ್ಲ ಎಂದು ಗೊತ್ತಿದ್ದೂ ಹೋದೆ. ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು, ಈ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಕೋರ್ಸು ಒಳ್ಳೆಯದು ಎಂದು ಕೇಳಿದಳು. ತತ್ವಶಾಸ್ತ್ರ ಓದಿ ಎಂದೆ. ಎಲ್ಲರೂ ಮರ್ಯಾದೆಗೆ ನಕ್ಕರು. ಅಷ್ಟರಲ್ಲಿ ಊಟದ ಹೊತ್ತಾಯಿತು.

ಊಟದ ಸಾಲಿನಲ್ಲಿ ಆ ಹುಡುಗಿ ಹತ್ತಿರ ಬಂದಳು. ಹೆಸರು ಸಹನಾ. ಅಪ್ಪ ಅಮ್ಮ ದಾವಣಗೆರೆಯವರು, ಇವಳು ಹುಟ್ಟಿ ಬೆಳೆದದ್ದೆಲ್ಲ ವಿಜಯವಾಡದಲ್ಲಿ. "ಮೇಡಂ, ನನ್ನ ಕನ್ನಡ ಅಷ್ಟಕ್ಕಷ್ಟೇ, ಏನೂ ಅಂದ್ಕೋಬೇಡಿ. ಫಿಲಾಸಫಿ ಓದಿದ್ರೆ ಪೇಷೆಂಟಿಗೆ ಏನು ಉಪಯೋಗ ಅಂಡಿ?" ಎಂದು ತೆಲುಗಿನ ಮರ್ಯಾದೆಯ ಮಾತನ್ನು ಕೊನೆಗೆ ಸೇರಿಸಿ ಕೇಳಿದಳು. ಮನಸ್ಸು ವಿಶಾಲವಾಗುತ್ತದೆ, ಪ್ರಶ್ನೆ ಕೇಳುವುದು ಬರುತ್ತದೆ ಎಂದು ಏನೋ ಚಂದದ ಉತ್ತರ ಕೊಟ್ಟೆ. ಮನೆಗೆ ಬಂದ ಮೇಲೆ ಅದು ಅರ್ಧ ಸುಳ್ಳು ಅನಿಸಿತು. ಉಳಿದ ಅರ್ಧವನ್ನು ಅವಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಅದು ನನಗೇ ಮರೆತಿದೆ.

ನಾನು ಹುಬ್ಬಳ್ಳಿಯವಳು. ಯಜಮಾನರಿಗೆ ವಿಶಾಖಪಟ್ಟಣದಲ್ಲಿ ಕೆಲಸವಿತ್ತು, ಹಾಗಾಗಿ ನನ್ನ ವೃತ್ತಿಯೂ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಶುರುವಾಯಿತು. ಈ ವೃತ್ತಿಯ ಮಾತನ್ನೆಲ್ಲ ನಾನು ಕಲಿತದ್ದು ತೆಲುಗಿನಲ್ಲಿ. "ನಿದ್ರೆ ಬರುತ್ತಾ? ಊಟ ಸೇರುತ್ತಾ? ಬದುಕು ಸಾಕು ಅನಿಸಿದೆಯಾ?" ಇವನ್ನೆಲ್ಲ ತೆಲುಗಿನಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕನ್ನಡ ನನಗೆ ಮನೆಯ ಭಾಷೆಯಾಗಿ ಉಳಿಯಿತು. ಒಗ್ಗರಣೆಗೆ, ಜಗಳಕ್ಕೆ, ತವರಿನ ಫೋನಿಗೆ ಮಾತ್ರ ಅದು.

ನನ್ನ ಮೇಲಧಿಕಾರಿ ಡಾಕ್ಟರ್ ಸೋಮಯಾಜುಲು, ತೆಲುಗಿನ ಮರ್ಯಾದೆಯಂತೆ ನಮಗೆಲ್ಲ ಸೋಮಯಾಜುಲುಗಾರು. ನಗುವುದು ಅವರಿಗೆ ವೈದ್ಯರು ಬೇಡವೆಂದ ಅಪಥ್ಯವೇನೋ ಎಂಬಂತಿದ್ದರು. ರೋಗಿ ಆಡಿದ ಮಾತನ್ನು ನಮ್ಮ ಮಾತಿನಲ್ಲಿ ಬರೆದರೆ ಕೇಸ್ ಶೀಟನ್ನು ಹರಿದು ಮತ್ತೆ ಬರೆಸುತ್ತಿದ್ದರು. "ದುಃಖಿತಳಾಗಿದ್ದಾಳೆ ಅಂತ ಅವಳು ಹೇಳಿದ್ದಾಳಾ? ಏನು ಹೇಳಿದಳೋ ಅದನ್ನ ಬರಿ," ಎನ್ನುವರು. ಅವರ ತಂದೆ ಹಳೆಯ ಕಾಲದ ತರ್ಕಶಾಸ್ತ್ರದ ಪಂಡಿತರು. ಮಗನಿಗೆ ಡಾಕ್ಟರಿಕೆಗೆ ಮುಂಚೆ ತರ್ಕ ಕಲಿಸಿದ್ದರು. ಹೊಗೆ ಕಂಡು ಬೆಂಕಿ ಇದೆ ಎನ್ನುವ ಮೊದಲು ಅದು ಹೊಗೆಯೋ ಮಂಜೋ ನೋಡಿಕೋ ಎಂಬ ಪಾಠ ಅದು. ನನಗೆ ಅವರ ಬಗ್ಗೆ ಭಯ ಜಾಸ್ತಿ, ಗೌರವ ಕಡಿಮೆ ಇತ್ತು. ಗೌರವ ಆಮೇಲೆ ಬಂತು.

ಅದು ಬಂದದ್ದು ನರಸಮ್ಮನ ಕೇಸಿನಲ್ಲಿ. ವಿಶಾಖಪಟ್ಟಣದ ಹೊರಗಿನ ಪರವಾಡದ ಕಡೆಯ ಹೆಂಗಸು. ಗಂಡ ಅಲ್ಲಿಯ ಒಂದು ಔಷಧ ಕಾರ್ಖಾನೆಯಲ್ಲಿ ಅಪಘಾತಕ್ಕೆ ಸಿಕ್ಕಿ ಸತ್ತಿದ್ದ. ಸತ್ತು ಆರು ತಿಂಗಳಾದರೂ ಈಕೆ ದಿನಾ ಬೆಳಗ್ಗೆ ಐದಕ್ಕೆ ಎದ್ದು ಅವನ ಊಟದ ಡಬ್ಬಿ ಕಟ್ಟಿಕೊಂಡು, ಕಂಪನಿ ಬಸ್ಸು ನಿಲ್ಲುವ ತಿರುವಿಗೆ ಹೋಗಿ ನಿಲ್ಲುತ್ತಿದ್ದಳು. ಬಸ್ಸು ಹೋದ ಮೇಲೆ ವಾಪಸ್ಸು ಬರುತ್ತಿದ್ದಳು. ನಾನು ಆಗ ತಾನೇ ಪರೀಕ್ಷೆ ಪಾಸಾದವಳು. ಸಾವನ್ನು ಒಪ್ಪಿಕೊಂಡಿಲ್ಲ ಎಂದು ಬರೆದುಕೊಂಡು, ಒಪ್ಪಿಸಲು ಹೊರಟೆ. ಮೊದಲ ದಿನವೇ, ನಿನ್ನ ಮನಸ್ಸಿನಲ್ಲಿ ಏನಿದೆ ಬಿಚ್ಚಿ ಹೇಳು ಎಂದು ಒತ್ತಾಯ ಮಾಡಿದೆ.

ನರಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಿಂಹಾಚಲಂ ಬೆಟ್ಟದ ಅಪ್ಪನ್ನಸ್ವಾಮಿ ದೇವರೇ ವರ್ಷವೆಲ್ಲ ಗಂಧ ಮೆತ್ತಿಕೊಂಡು ಕೂತಿರ್ತಾನಮ್ಮಾ. ಒಂದೇ ದಿನ ನಿಜರೂಪ ತೋರಿಸ್ತಾನೆ. ನಾನು ನಿಮಗೆ ಇವತ್ತೇ ತೋರಿಸಿಬಿಡಬೇಕಾ?" ಎಂದಳು. ತೆಲುಗಿನಲ್ಲಿ ಆಕೆ ಹೇಳಿದ ರೀತಿಗೆ ಹೊರಗಿದ್ದ ನರ್ಸು ಕೂಡ ನಕ್ಕುಬಿಟ್ಟಳು.

ಸೋಮಯಾಜುಲುಗಾರಿಗೆ ಹೇಳಿದೆ. ಅವರು ನಗಲಿಲ್ಲ. "ನಮ್ಮ ತರ್ಕದಲ್ಲಿ ಇಲ್ಲ ಅನ್ನೋದರಲ್ಲೂ ಬಗೆಗಳಿವೆ. ಮಡಕೆ ಒಡೆದುಹೋಗಿ ಇಲ್ಲ ಅನ್ನೋದು ಒಂದು. ಮಡಕೆ ಇನ್ನೂ ಮಾಡೇ ಇಲ್ಲ, ಅದಕ್ಕೇ ಇಲ್ಲ ಅನ್ನೋದು ಇನ್ನೊಂದು. ಆಕೆಯದು ಯಾವ ಇಲ್ಲ? ನಿನಗೆ ಗೊತ್ತಾ? ಗೊತ್ತಿಲ್ಲದೆ ಚಿಕಿತ್ಸೆ ಕೊಡ್ತಿದ್ದೀಯ. ಹೋಗಿ ಕೇಳು," ಎಂದರು.

ಕೇಳಲು ಎರಡು ತಿಂಗಳು ಹಿಡಿಯಿತು. ಆಕೆಗೆ ಗಂಡನ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ. ಹೊಡೆಯುತ್ತಿದ್ದ. ಆದರೆ ಹತ್ತು ವರ್ಷ ಮಕ್ಕಳಾಗದೆ, ಕೊನೆಗೆ ಆಸ್ಪತ್ರೆಗೆ ತೋರಿಸೋಣ ಎಂದು ಅವನು ಒಪ್ಪಿದ್ದು ಸಾಯುವ ಹಿಂದಿನ ವಾರ. ಆಕೆ ಅಳುತ್ತಿದ್ದುದು ಒಡೆದ ಮಡಕೆಗಲ್ಲ, ಎಂದೂ ಆಗದೇ ಹೋದ ಮಡಕೆಗೆ. ಆ ಮಗುವಿಗೆ ಹೆಸರು ಕೂಡ ಇಟ್ಟುಕೊಂಡಿದ್ದಳು. ಅದನ್ನು ಹೇಳಿದ ದಿನ ಆಕೆ ಅತ್ತಳು, ನಾನೂ ಅತ್ತೆ. ನಾನು ಅತ್ತದ್ದಕ್ಕೆ ಸೋಮಯಾಜುಲುಗಾರು ಬೈಯಲಿಲ್ಲ. ನರಸಮ್ಮನ ದುಃಖ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಸರಿಯಾದ ದುಃಖವನ್ನು ಯಾರೋ ಒಬ್ಬರು ಕೇಳಿಸಿಕೊಂಡರು, ಅಷ್ಟೆ.

ಅವತ್ತಿನಿಂದ ನಾನು ತತ್ವಶಾಸ್ತ್ರ ಓದಲು ಶುರು ಮಾಡಿದೆ. ತರ್ಕ, ವೇದಾಂತ, ಬೌದ್ಧರು, ಗ್ರೀಕರು, ಕೈಗೆ ಸಿಕ್ಕಿದ್ದು. ಸಹನಾ, ಉಪಯೋಗವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ನಾನಾಗಿ ಉಳಿದಿಲ್ಲ ಎನ್ನುವವರ ಮಾತನ್ನು ಬರೀ ರೋಗಲಕ್ಷಣ ಎಂದು ಬರೆದುಕೊಳ್ಳದೆ ಕೂತು ಕೇಳುವ ತಾಳ್ಮೆ ಬಂತು. ಪಾಪ ಮಾಡಿದ್ದೇನೆ ಎನ್ನುವವರಿಗೆ ಪಾಪವಿಲ್ಲ ಬಿಡಿ ಎಂದು ಸಮಾಧಾನ ಹೇಳುವ ಚಾಳಿ ಹೋಯಿತು. ಇದರಿಂದ ನನಗೆ ಸ್ವಲ್ಪ ಜಂಬವೂ ಬಂತು. ಆ ಜಂಬದ ಬೆಲೆಯನ್ನು ನಾನು ತೆರಲಿಲ್ಲ, ಬೇರೊಬ್ಬರು ತೆತ್ತರು.

ಯಜಮಾನರ ಕೆಲಸ ವಿಜಯವಾಡಕ್ಕೆ ಬದಲಾದಾಗ ನಾನೂ ಅಲ್ಲಿ ಒಂದು ಖಾಸಗಿ ಕ್ಲಿನಿಕ್ಕು ಸೇರಿದೆ. ಹೆಸರು ಬೇಡ. ಅಲ್ಲಿ ಎಲ್ಲದಕ್ಕೂ ಅಚ್ಚು ಹಾಕಿಸಿದ ಫಾರಂ ಇತ್ತು. ಹೊಸಬರು ಬಂದ ಕೂಡಲೇ ಇಂಗ್ಲಿಷ್ ಇಲ್ಲವೇ ತೆಲುಗು ಫಾರಂ ಮುಂದಿಟ್ಟುಕೊಂಡು ಒಂದೊಂದಾಗಿ ಕೇಳಿ ಗುರುತು ಹಾಕಬೇಕು. ಸಾಯುವ ಯೋಚನೆ ಬಂದಿದೆಯೇ ಎಂಬುದು ಎರಡನೆಯ ಪುಟದ ಮೇಲ್ಗಡೆ. ಈಗ ಅದನ್ನೂ ಕಂಪ್ಯೂಟರಿನ ಪರದೆಯೇ ಕೇಳುತ್ತದಂತೆ, ರೋಗಿ ಒಳಗೆ ಬರುವ ಮೊದಲೇ. ಕೇಳಿ ಆಗಿದೆ ಎಂದು ನೀವು ನಂಬಿಕೊಂಡು ಕೂರುತ್ತೀರಿ.

ಆ ಕ್ಲಿನಿಕ್ಕಿಗೆ ಒಂದು ಬುಧವಾರ ಗುರುನಾಥ ಹಿರೇಮಠ ಬಂದರು. ಗದಗಿನವರು, ವಯಸ್ಸು ಐವತ್ತಾರು. ಬ್ಯಾಂಕಿನ ಅಧಿಕಾರಿ. ವರ್ಗವಾಗಿ ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ಶಾಖೆಗೆ ಬಂದು ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬರೇ ಇದ್ದರು. ಮಗಳ ಕಾಲೇಜು ಮುಗಿಯಲಿ ಎಂದು ಹೆಂಡತಿ ಗದಗಿನಲ್ಲೇ ಉಳಿದಿದ್ದರು. ವಿದ್ಯುತ್ ಸ್ಥಾವರದ ಬೂದಿ ಅಲ್ಲಿ ಕಿಟಕಿಯ ಮೇಲೆಲ್ಲ ಕೂರುತ್ತದೆ ಎಂದು ಶರಟಿನ ಕಾಲರು ತೋರಿಸಿ ಹೇಳಿದರು.

"ನಿದ್ದಿ ಬರವಲ್ದ್ರೀ ಮೇಡಂ. ಅದೇನ್ ದೊಡ್ಡ ಮಾತಲ್ಲ ಬಿಡ್ರಿ. ಡಾಕ್ಟ್ರು ಗುಳಗಿ ಕೊಟ್ಟು, ನಿಮ್ಮ ಕಡೆನೂ ಒಮ್ಮೆ ಹೋಗಿ ಬಾ ಅಂದ್ರು. ನೀವು ಹುಬ್ಬಳ್ಳಿಯವ್ರಂತಲ್ರೀ?"

"ಹೌದ್ರೀ, ನಮ್ಮದು ಹುಬ್ಬಳ್ಳಿನ."

"ಹಂಗಾರ ಅರ್ಧ ರೋಗ ಇಲ್ಲೇ ಹೋತು ಬಿಡ್ರಿ," ಎಂದು ಬಾಯ್ತುಂಬ ನಕ್ಕರು.

ದಿನವಿಡೀ ತೆಲುಗು ಆಡಿ ಆಡಿ ದಣಿದಿದ್ದ ನನಗೆ ಆ ಮಾತು ಕಿವಿಗೆ ಬಿದ್ದದ್ದೇ ಜೀವಕ್ಕೆ ಹಿತವಾಯಿತು. ಫಾರಂ ಕೈಗೆತ್ತಿಕೊಂಡೆ. ಕನ್ನಡದ ಫಾರಂ ಇರಲಿಲ್ಲ. ನಾನೇ ಕನ್ನಡದಲ್ಲಿ ಕೇಳಬೇಕಿತ್ತು. ಮೊದಲ ಪುಟ ಮುಗಿಸಿದೆ. ಎರಡನೆಯ ಪುಟದ ಮೇಲ್ಗಡೆಗೆ ಬಂದಾಗ ನಾಲಿಗೆ ಏಳಲಿಲ್ಲ. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಒಮ್ಮೆಯೂ ಯಾರಿಗೂ ಕೇಳಿರಲಿಲ್ಲ. ನಮ್ಮ ಕಡೆ ವಯಸ್ಸಾದ ಗೃಹಸ್ಥರನ್ನು ಕೂರಿಸಿಕೊಂಡು, ನಿಮಗ ಸಾಯಬೇಕು ಅನಸ್ತದೇನ್ರೀ ಎಂದು ಕೇಳಿದರೆ ಅಪಶಕುನ ನುಡಿದ ಹಾಗೆ. ಅಣ್ಣನಂಥವರಿಗೆ ಹೇಗೆ ಕೇಳಲಿ? "ಇದೆಲ್ಲಾ ನಿಮಗ್ಯಾಕ್ರೀ," ಎಂದು ಫಾರಂ ಪಕ್ಕಕ್ಕಿಟ್ಟೆ. ಅವರೂ, "ಹೌದ್ ಮತ್ತ," ಎಂದರು.

ಅಷ್ಟರಲ್ಲಿ ಅವರ ಚೀಲದಲ್ಲಿದ್ದ ಪುಸ್ತಕ ನನ್ನ ಕಣ್ಣಿಗೆ ಬಿತ್ತು. ತತ್ವಶಾಸ್ತ್ರದ್ದು. ಮುಗಿಯಿತು. ಅಲ್ಲಿಂದ ಹತ್ತು ಬುಧವಾರ ನಾವು ಮಾತಾಡಿದ್ದೇ ಮಾತಾಡಿದ್ದು. ಆತ್ಮ ಉಂಟೋ ಇಲ್ಲವೋ, ನೆನಪು ಹೋದರೆ ಮನುಷ್ಯ ಅವನೇ ಹೌದೋ ಅಲ್ಲವೋ, ಬಯಕೆ ಇಲ್ಲದವನಿಗೆ ಬೆಳಗ್ಗೆ ಏಳುವುದಕ್ಕೆ ಕಾರಣವೇನು. ಎಂಥ ಓದು, ಎಂಥ ಮಾತು! ನಾನು ಮಂಗಳವಾರವೇ ಅವರಿಗಾಗಿ ಓದಿಕೊಂಡು ಸಿದ್ಧವಾಗುತ್ತಿದ್ದೆ. ರೋಗಿಯ ಎದುರು ಬುದ್ಧಿವಂತಳಾಗಿ ಕಾಣಬೇಕೆಂದು ಚಿಕಿತ್ಸಕಿ ತಯಾರಿ ಮಾಡಿಕೊಂಡರೆ ಅಲ್ಲಿ ಚಿಕಿತ್ಸೆ ನಿಂತಿತೆಂದೇ ಅರ್ಥ. ನನಗೆ ಅದು ಹೊಳೆಯಲಿಲ್ಲ. ಅವರು ಎದ್ದು ಹೋಗುವಾಗ ಬಾಗಿಲಲ್ಲಿ ನಿದ್ರೆ ಹೇಗಿದೆ ಎಂದು ಕೇಳುತ್ತಿದ್ದೆ. "ನಡದೈತ್ರೀ," ಎನ್ನುತ್ತಿದ್ದರು.

ಒಂಬತ್ತನೆಯ ಬುಧವಾರ ಅವರು, "ಮೇಡಂ, ಬಾಡಿಗಿ ಮನಿ ಸಾಕಾತು ಅಂದ್ರ ಖಾಲಿ ಮಾಡಿ ಹೋಗೂ ಹಕ್ಕು ಬಾಡಿಗಿದಾರಗ ಇರ್ತೈತಿ. ಹಂಗ ಮನುಷ್ಯಾಗ ತನ್ನ ಜೀವಾ ಬಿಟ್ಟು ಹೋಗೂ ಹಕ್ಕು ಐತೋ ಇಲ್ಲೋ? ನೀವೇನಂತೀರಿ?" ಎಂದರು.

ನನಗೆ ಮೈಯೆಲ್ಲ ಹುರುಪು ಬಂತು. "ಮನ್ಯಾಗ ಒಬ್ಬರ ಇದ್ರ ಆ ಮಾತು ಬ್ಯಾರೆ. ಉಳದವ್ರನ್ನ ಬೀದಿಗೆ ಹಾಕಿ ಒಬ್ಬರ ಖಾಲಿ ಮಾಡೂದು ಎಂಥಾ ಹಕ್ಕುರೀ?" ಎಂದೆ. ಆ ಕಡೆಯ ವಾದ, ಈ ಕಡೆಯ ವಾದ, ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ಅವರು ಎರಡೂ ಕೈ ಎತ್ತಿ, "ಗೆದ್ರಿ ನೀವು. ಇವತ್ತಿನ ಆಟ ನಿಮ್ಮದ," ಎಂದು ನಕ್ಕರು. ಆ ದಿನ ಟಿಪ್ಪಣಿಯಲ್ಲಿ, ಮಾತುಕತೆ ಬಹಳ ಚೆನ್ನಾಗಿತ್ತು, ಸುಧಾರಿಸುತ್ತಿದ್ದಾರೆ ಎಂದು ಬರೆದೆ. ಆ ಹಾಳೆಯನ್ನು ಸೋಮಯಾಜುಲುಗಾರು ನೋಡಿದ್ದರೆ ಹರಿಯುತ್ತಿದ್ದರು.

ಹತ್ತನೆಯ ಬುಧವಾರ ಅವರು ಎರಡು ಕೈಚೀಲದ ತುಂಬ ತಮ್ಮ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. "ನೀವ ಇಟ್ಕೋರಿ. ಇವನ್ನ ಓದೂ ಮಂದಿ ನಮ್ಮ ಬ್ಯಾಂಕಿನ್ಯಾಗ ಯಾರದಾರ?" ಇಷ್ಟಪಟ್ಟ ವಸ್ತುಗಳನ್ನು ಒಬ್ಬ ಮನುಷ್ಯ ಇದ್ದಕ್ಕಿದ್ದಂತೆ ಹಂಚಲು ಶುರು ಮಾಡಿದರೆ ಕೂತು ಕೇಳಬೇಕು ಎಂದು ನಾನು ಎಷ್ಟು ಮಂದಿ ಹೊಸಬರಿಗೆ ಪಾಠ ಹೇಳಿದ್ದೆ! ಅವತ್ತು ಆ ಪಾಠ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಹಬ್ಬದ ಸೀರೆ ಸಿಕ್ಕ ಹುಡುಗಿಯ ಹಾಗೆ ಒಂದೊಂದೇ ಪುಸ್ತಕ ಎತ್ತಿ ನೋಡಿದೆ. ಅವರು ಬಾಗಿಲಲ್ಲಿ ಒಂದು ಗಳಿಗೆ ನಿಂತರು. ನಾನು ತಲೆ ಎತ್ತಲಿಲ್ಲ.

ಮುಂದಿನ ಬುಧವಾರ ಬರಲಿಲ್ಲ. ಗುರುವಾರ ಬೆಳಗ್ಗೆ ಅವರ ಶಾಖೆಯ ಗುಮಾಸ್ತರೊಬ್ಬರು ಫೋನು ಮಾಡಿದರು. ಹಿರೇಮಠರು ತಮ್ಮ ಜೀವವನ್ನು ತಾವೇ ಕಳೆದುಕೊಂಡಿದ್ದರು. ಡೈರಿಯಲ್ಲಿ ಪ್ರತಿ ಬುಧವಾರದ ಮುಂದೆ ನನ್ನ ಹೆಸರು ಬರೆದಿತ್ತಂತೆ, ಅದಕ್ಕೇ ತಿಳಿಸುತ್ತಿದ್ದೇನೆ ಎಂದರು.

ನನಗೆ ಏನಾಯಿತೆಂದು ಬರೆಯಲು ಹೋಗುವುದಿಲ್ಲ. ಕ್ಲಿನಿಕ್ಕಿನವರು ಯಾರೂ ನನ್ನನ್ನು ದೂರಲಿಲ್ಲ. ಫಾರಂ ಅರ್ಧ ಖಾಲಿ ಇದ್ದದ್ದನ್ನೂ ಯಾರೂ ನೋಡಲಿಲ್ಲ. ಅವರ ಪುಸ್ತಕಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದೆ. ಎರಡು ತಿಂಗಳಾದ ಮೇಲೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಸೋಮಯಾಜುಲುಗಾರ ಮನೆಗೆ ಹೋದೆ. ನಿವೃತ್ತರಾಗಿದ್ದರು, ಕಣ್ಣು ಮಂಜಾಗಿತ್ತು. ಎಲ್ಲ ಹೇಳಿ, ಈ ಓದೇ ನನ್ನನ್ನು ಹಾಳು ಮಾಡಿತು, ಇನ್ನು ಓದುವುದಿಲ್ಲ ಎಂದೆ.

"ಓದಿನ ಮೇಲೆ ಹಾಕಬೇಡ," ಎಂದರು. "ಆತ ಸಾಯೋದಿಲ್ಲ ಅಂತ ನೀನು ತೀರ್ಮಾನ ಮಾಡಿದ್ದೆ. ಸರಿ. ಅದಕ್ಕೆ ನಿನ್ನ ಕಾರಣ ಏನು? ಹೇಳು."

"ಸಾವಿನ ಬಗ್ಗೆ ಅಷ್ಟು ತಿಳಿಯಾಗಿ ಮಾತಾಡುತ್ತಿದ್ದರು," ಎಂದೆ.

"ಆಯ್ತು. ತೀರ್ಮಾನ ಒಂದು, ಕಾರಣ ಎರಡು. ಈಗ ಮೂರನೇ ವಾಕ್ಯ, ಎಲ್ಲರಿಗೂ ಹೊಂದೋ ನಿಯಮ, ಹೇಳು. ಯಾರು ಯಾರು ಸಾವಿನ ಬಗ್ಗೆ ತಿಳಿಯಾಗಿ ಮಾತಾಡ್ತಾರೋ..."

ಅವರು ಯಾರೂ ಜೀವ ಕಳೆದುಕೊಳ್ಳುವುದಿಲ್ಲ ಎಂದು ನಾನು ಮುಗಿಸಬೇಕಿತ್ತು. ಆ ವಾಕ್ಯವನ್ನು ಒಂಬತ್ತನೆಯ ಬುಧವಾರವೇ ಹೇಳಿ ನೋಡಿದ್ದರೆ ಅದು ಸುಳ್ಳೆಂದು ನನಗೆ ಆಗಲೇ ಗೊತ್ತಾಗುತ್ತಿತ್ತು. ಅವರು, "ನೋಡಮ್ಮಾ, ತರ್ಕ ಇರೋದು ರೋಗಿಯ ಜೊತೆ ಆಡೋದಕ್ಕಲ್ಲ. ನಿನ್ನ ತಲೆಯನ್ನ ನೀನು ನಂಬದೇ ಇರೋದಕ್ಕೆ," ಎಂದರು. ಆಮೇಲೆ ಕಾಫಿ ತರಿಸಿದರು.

ಸಹನಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದೇ. ತತ್ವಶಾಸ್ತ್ರ ಓದು. ಓದಿ, ಕೋಣೆಯ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಅದನ್ನು ಬಿಟ್ಟು ಒಳಗೆ ಹೋಗು. ರೋಗಿ ಎದ್ದು ಹೋದ ಮೇಲೆ ನಿನಗೆ ನಿನ್ನ ಮಾತೇ ನೆನಪಿದ್ದರೆ ಏನೋ ತಪ್ಪಿದೆ ಎಂದು ತಿಳಿ. ಸಾಯಬೇಕು ಅನಿಸುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾದೀತು ಎಂಬ ಹೆದರಿಕೆ ಬೇಡ. ಆ ಯೋಚನೆ ಇದ್ದವರು ಯಾರಾದರೂ ಕೇಳಲಿ ಎಂದು ಕಾದಿರುತ್ತಾರೆ. ನಿನಗೆ ಕೆಲಸ ಕಲಿಸಿದ ಭಾಷೆಯಲ್ಲಿ ಮಾತ್ರ ಕೇಳಲು ಬಂದರೆ ಸಾಲದು. ನಿನ್ನ ಅಮ್ಮನ ಜೊತೆ ಆಡುವ ಭಾಷೆಯಲ್ಲೂ ಕೇಳಲು ಬರಬೇಕು. ನಾನು ವಿಜಯವಾಡಕ್ಕೆ ವಾಪಸ್ಸಾದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಆ ಪ್ರಶ್ನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ.

ಅದಾಗಿ ಮತ್ತೆರಡು ತಿಂಗಳಿಗೆ ಹಿರೇಮಠರ ಹೆಂಡತಿ ಗಿರಿಜಾ ಬಂದರು. ಕೊಂಡಪಲ್ಲಿಯ ಕೋಣೆ ಖಾಲಿ ಮಾಡಲು ಬಂದಿದ್ದರು. ಸಾಮಾನು ಸಾಗಿಸುವ ಕೆಲಸ ಮೈದುನನಿಗೆ ಬಿಟ್ಟು, ಒಬ್ಬರೇ ಆಟೋ ಹಿಡಿದು ಕ್ಲಿನಿಕ್ಕು ಹುಡುಕಿಕೊಂಡು ಬಂದಿದ್ದರು. ಸಣ್ಣ ಆಳು, ಮಾತು ಮೆತ್ತಗೆ. ಕುರ್ಚಿಯ ತುದಿಯಲ್ಲಿ ಕೂತು, "ಅಕ್ಕಾರ, ಹತ್ತು ಬುಧವಾರ ನಿಮ್ಮ ಕಡೆ ಬಂದಾರಂತ. ಏನ್ ಮಾತಾಡ್ತಿದ್ರು?" ಎಂದರು.

ಆತ್ಮದ ವಿಚಾರ, ನೆನಪಿನ ವಿಚಾರ ಎಂದು ಏನೋ ಹೇಳಿದೆ. ಅವರು ತಲೆಯಾಡಿಸಿ, "ಮಗಳ ಸುದ್ದಿ ತಗೀತಿದ್ರೇನ್ರೀ? ಊಟಾ ಎಲ್ಲಿ ಮಾಡ್ತಿದ್ರಂತ? ನಿದ್ದಿ ಯಾಕ ಬರವಲ್ದಾಗಿತ್ತು?" ಎಂದು ಒಂದೊಂದೇ ಕೇಳಿದರು. ಹತ್ತು ವಾರ ಎದುರಿಗೆ ಕೂತ ಮನುಷ್ಯ ಮಧ್ಯಾಹ್ನ ಏನು ಉಣ್ಣುತ್ತಿದ್ದ ಎಂಬುದೂ ನನಗೆ ತಿಳಿದಿರಲಿಲ್ಲ.

"ಸಾಯೂ ವಿಚಾರ ಐತೇನು ಅಂತ ನೀವು ಕೇಳಿದ್ರೇನ್ರೀ ಅವರನ್ನ?"

"ಇಲ್ರೀ. ಕೇಳಲಿಲ್ಲ. ಕೇಳಬೇಕಿತ್ತು. ನನ್ನ ತಪ್ಪು," ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಗಿರಿಜಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ಕೇಳಿದ್ರ ಹೇಳ್ತಿದ್ರೇನೋ. ಕೇಳಿದ್ದಕ್ಕ ಸುಳ್ಳು ಹೇಳೂ ಮನಷ್ಯಾ ಅಲ್ಲ ಅವ್ರು. ನಾನೂ ಕೇಳಲಿಲ್ಲ. ಫೋನಿನ್ಯಾಗ ಊಟಾ ಆತೇನ್ರೀ ಅಂತಿದ್ದೆ, ಆತು ಅಂತಿದ್ರು," ಎಂದರು. ಪುಸ್ತಕಗಳನ್ನು ತೆಗೆದುಕೊಂಡು ಹೋಗುತ್ತೀರಾ ಎಂದೆ. "ಬ್ಯಾಡ್ರೀ. ಅವನ್ನ ಹಿಡ್ಕೊಂಡು ಕುಂತ್ರ ಮನ್ಯಾಗ ಯಾರ ಜೋಡೀನೂ ಮಾತಿಲ್ಲ. ನಿಮ್ಮ ಜೋಡಿ ಆದ್ರೂ ನಾಕು ಮಾತಾಡಿದ್ರಲ್ಲ."

ನಾಲ್ಕೂವರೆಗೆ ರೈಲಿದೆ, ಮೈದುನ ನಿಲ್ದಾಣದಲ್ಲಿ ಕಾಯುತ್ತಿರುತ್ತಾನೆ ಎಂದು ಎದ್ದರು. ಬಾಗಿಲ ತನಕ ಹೋದರು. ನಾನೂ ಎದ್ದೆ. ಅವರ ಬೆನ್ನು ನೋಡುತ್ತ ನಿಂತಾಗ, ಈಕೆಯನ್ನೂ ಕೇಳದೆ ಕಳಿಸುತ್ತಿದ್ದೇನಲ್ಲ ಎಂದು ಹೊಳೆಯಿತು.

"ಗಿರಿಜಾ ಅವ್ರ," ಎಂದೆ. "ಒಂದು ಮಾತು ಕೇಳ್ತೀನಿ. ನಿಮಗ ಈ ಜೀವಾ ಸಾಕು, ಸಾಯಬೇಕು ಅಂತ ಅನಸ್ತೈತೇನ್ರೀ?"

ಅವರು ತಿರುಗಿದರು. ನನ್ನ ಮುಖವನ್ನೇ ನೋಡಿದರು.

"ದಿನಾ ಅನಸ್ತೈತ್ರೀ," ಎಂದರು. "ಇಷ್ಟ್ ದಿನಾ ಆತು, ಯಾರೂ ಕೇಳಿದ್ದಿಲ್ಲ."

ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದೆ. ಗಿರಿಜಾ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು ಬಂದು ಕೂತರು. ಈ ಸಲ ತುದಿಯಲ್ಲಿ ಕೂರಲಿಲ್ಲ. ನಾಲ್ಕೂವರೆಯ ರೈಲು ಹೋಯಿತು, ಆರರ ರೈಲೂ ಹೋಯಿತು. ಅವರು ಮಾತಾಡಿದರು, ನಾನು ಕೇಳಿದೆ.